ಆರನೇ ದಿನ ಮಾತು ನಿಂತದ್ದೇಕೆ?

"ಆಪರೇಷನ್ ಚೆನ್ನಾಗಿ ಆಗಿದೆ ಎಂದು ನೀವೇ ಹೇಳಿದ್ದಿರಲ್ಲ ಸಾಹೇಬರೇ, ಮತ್ತೆ ಇದೇನು?"

ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಐಸಿಯು ಬಾಗಿಲಲ್ಲಿ ಈ ಪ್ರಶ್ನೆ ಕೇಳಿದವನು ನಮ್ಮ ಓಣಿಯ ಹುಡುಗ. ಒಳಗಿದ್ದವರು ಅವನ ತಾಯಿ. ನಾವೆಲ್ಲ ಅವರನ್ನು ಕಾಕು ಎಂದೇ ಕರೆಯುತ್ತೇವೆ. ಮಿದುಳಿನ ರಕ್ತನಾಳ ಒಡೆದು ಬಂದಿದ್ದ ಕಾಕುವಿಗೆ ಮರುದಿನವೇ ಶಸ್ತ್ರಚಿಕಿತ್ಸೆ ಆಗಿತ್ತು. ಮೂರನೇ ದಿನ ಎದ್ದು ಕುಳಿತು ಗಂಜಿ ಕುಡಿದಿದ್ದರು, ಮನೆಯ ಎಮ್ಮೆಯ ಬಗ್ಗೆ ವಿಚಾರಿಸಿದ್ದರು. ಐದನೇ ದಿನ ಸಂಜೆ ಸ್ವಲ್ಪ ಮಂಕು. ಆರನೇ ದಿನ ಬೆಳಿಗ್ಗೆ ಮಾತು ನಿಂತಿತು, ಬಲಗೈ ಮೇಲೇಳಲಿಲ್ಲ.

ಬಾಗಿಲಲ್ಲಿ ನಿಂತ ವೈದ್ಯರು ಹೇಳಿದ್ದು ಒಂದೇ ವಾಕ್ಯ: "ನಳಿಗೆ ಕಿರಿದಾಗಿದೆ, ರಕ್ತ ಸರಿಯಾಗಿ ಹೋಗುತ್ತಿಲ್ಲ." ತಪ್ಪು ಮಾತೇನಲ್ಲ. ಆದರೆ ಹುಡುಗನ ತಲೆಯಲ್ಲಿ ಆಗಲೇ ಬೇರೆ ಅನುಮಾನ ಬೇರೂರಿತ್ತು. ಚೆನ್ನಾಗಿದ್ದವರು ಹೀಗಾದರೆಂದರೆ ಯಾರೋ ಏನೋ ಕೆಡಿಸಿದ್ದಾರೆ, ಇಲ್ಲವೇ ಏನನ್ನೋ ಮುಚ್ಚಿಡುತ್ತಿದ್ದಾರೆ. ಉತ್ತರ ಕರ್ನಾಟಕದ ಆಸ್ಪತ್ರೆಗಳ ವರಾಂಡಗಳಲ್ಲಿ ಇಂಥ ಅನುಮಾನದಿಂದ ಎದ್ದ ಜಗಳಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಕೆಲವಕ್ಕಾದರೂ ಕಾರಣ ಆ ಒಂದು ವಾಕ್ಯದ ಬಡತನ ಎಂದು ನನ್ನ ಅಭಿಪ್ರಾಯ. ಕಾಕುವಿನ ಮಿದುಳಿನಲ್ಲಿ ಆ ಆರು ದಿನ ನಡೆದದ್ದು ಬರೀ ನಳಿಗೆ ಕಿರಿದಾಗುವ ಕೆಲಸವಲ್ಲ.

ನಮ್ಮ ಕಡೆ ರಕ್ತನಾಳಕ್ಕೂ 'ನರ' ಎಂದೇ ಹೆಸರು. ಲಕ್ವಾ ಹೊಡೆದವರ ಮನೆಗೆ ಹೋದರೆ 'ತಲೆಯ ನರ ಒಡೆಯಿತು' ಎನ್ನುತ್ತಾರೆ. ಹಾಗೆಂದವರನ್ನು ತಿದ್ದುವ ಅಗತ್ಯವಿಲ್ಲ, ಅವರು ಹೇಳುತ್ತಿರುವುದು ಅಪಧಮನಿಯ ಮಾತು ಎಂದು ತಿಳಿದುಕೊಂಡರೆ ಸಾಕು. ಆದರೆ ಲಕ್ವಾ ಎಲ್ಲವೂ ಒಂದೇ ಅಲ್ಲ. ಹೆಚ್ಚಿನವು ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತದ ಗಡ್ಡೆ ಸಿಕ್ಕಿಕೊಂಡು ಆಗುವಂಥವು. ಕಾಕುವಿಗೆ ಆದದ್ದು ನೂರು ಲಕ್ವಾಗಳಲ್ಲಿ ಸುಮಾರು ಐದರ ಪಾಲಿನದು. ಮಿದುಳಿನ ತಳದಲ್ಲಿ ದೊಡ್ಡ ಅಪಧಮನಿಗಳು ಒಂದನ್ನೊಂದು ಕೂಡಿ ಬಳೆಯಂತೆ ಸುತ್ತುವರಿದಿವೆ. 1664ರಲ್ಲಿ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಇದನ್ನು ವಿವರಿಸಿದ್ದರಿಂದ ಇದಕ್ಕೆ ಇಂದಿಗೂ ಅವನದೇ ಹೆಸರು. ಈ ಬಳೆಯಲ್ಲಿ ಅಪಧಮನಿಗಳು ಕವಲೊಡೆಯುವ ಜಾಗದಲ್ಲಿ ಗೋಡೆ ದುರ್ಬಲವಾಗಿ, ಹಳೆಯ ಸೈಕಲ್ ಟ್ಯೂಬಿನಂತೆ ಒಂದು ಉಬ್ಬು ಏಳುವುದುಂಟು. ಅದೇ ಅನ್ಯೂರಿಸಂ. ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರ ತಲೆಯಲ್ಲಿ ಇಂಥದೊಂದು ಇರುತ್ತದೆ, ಬಹುಪಾಲು ಎಂದೂ ಒಡೆಯುವುದಿಲ್ಲ. ಬೀಡಿ, ಸಿಗರೇಟು ಮತ್ತು ಹತೋಟಿಯಲ್ಲಿಲ್ಲದ ಬಿ.ಪಿ. ಅದನ್ನು ಒಡೆಯುವತ್ತ ದೂಡುತ್ತವೆ. ಒಡೆಯುವುದು ಪುರುಷರಿಗಿಂತ ಮಹಿಳೆಯರಲ್ಲಿ ಹೆಚ್ಚು.

ಒಡೆದಾಗ ಬರುವ ತಲೆನೋವು ಮತ್ತೆ ಮರೆಯುವಂಥದ್ದಲ್ಲ. ಕ್ಷಣದಲ್ಲಿ, ಸಿಡಿಲು ಬಡಿದ ಹಾಗೆ ಬಂದು ಕುತ್ತಿಗೆ ಸೆಟೆದುಕೊಳ್ಳುತ್ತದೆ, ವಾಂತಿಯಾಗುತ್ತದೆ. ಗದಗ, ನವಲಗುಂದದ ಬಿಸಿಲಿನಲ್ಲಿ ತಲೆನೋವಿನ ಜತೆ ವಾಂತಿ ಎಂದರೆ ಮೊದಲು ನೆನಪಾಗುವುದು ಪಿತ್ತ. ನಿಂಬೆಹಣ್ಣಿನ ಪಾನಕ ಕುಡಿಸಿ ಮಲಗಿಸುತ್ತಾರೆ. ನಾಲ್ಕಾರು ತಾಸು ಅಲ್ಲಿಯೇ ಕಳೆದುಹೋಗುತ್ತದೆ. ಕಾಕುವಿಗೂ ಹಾಗೆಯೇ ಆಯಿತು.

ಆಸ್ಪತ್ರೆಗೆ ತಲುಪಿದ ಮೇಲೆ ಒಡೆದ ಉಬ್ಬನ್ನು ಮುಚ್ಚಲು ಎರಡು ದಾರಿ. ತಲೆಬುರುಡೆ ತೆರೆದು ಉಬ್ಬಿನ ಕುತ್ತಿಗೆಗೆ ಲೋಹದ ಕ್ಲಿಪ್ ಹಾಕುವುದು ಒಂದು. ತೊಡೆಯ ಅಥವಾ ಮುಂಗೈಯ ಅಪಧಮನಿಯ ಮೂಲಕ ತೆಳ್ಳನೆಯ ಕೊಳವೆ ಏರಿಸಿ, ಉಬ್ಬಿನೊಳಗೆ ಪ್ಲಾಟಿನಂ ಸುರುಳಿ ತುಂಬುವುದು ಇನ್ನೊಂದು. ಯಾವುದನ್ನು ಮಾಡಿದರೂ ಉದ್ದೇಶ ಒಂದೇ, ಮತ್ತೆ ಒಡೆಯದಿರಲಿ ಎಂಬುದು. ಕಾಕುವಿನ ಆಪರೇಷನ್ ಚೆನ್ನಾಗಿ ಆಗಿತ್ತು ಎಂಬ ಮಾತು ಸುಳ್ಳಲ್ಲ, ಒಡೆದ ಉಬ್ಬು ಮುಚ್ಚಿತ್ತು. ಆದರೆ ಮುಚ್ಚುವ ಮೊದಲೇ ಹೊರಬಿದ್ದ ರಕ್ತ ಎಲ್ಲಿಗೂ ಹೋಗಿರಲಿಲ್ಲ. ಮಿದುಳನ್ನು ಸುತ್ತುವರಿದ ನೀರಿನಲ್ಲಿ, ದೊಡ್ಡ ಅಪಧಮನಿಗಳ ಮೈಗೆ ಅಂಟಿಕೊಂಡು, ಹೆಪ್ಪುಗಟ್ಟಿ ಕುಳಿತಿತ್ತು. ಮುಂದಿನದೆಲ್ಲ ಆ ಹೆಪ್ಪಿನ ಕೆಲಸ.

ಈ ಕಾಯಿಲೆಯ ದೊಡ್ಡ ವಿಚಿತ್ರ ಅದರ ತಡ. ರಕ್ತ ಸೋರಿದ ಮೂರು ದಿನಗಳವರೆಗೆ ಅಪಧಮನಿಗಳು ಸಾಮಾನ್ಯವಾಗಿ ಹಿಗ್ಗಿಯೇ ಇರುತ್ತವೆ. ಮೂರು ಅಥವಾ ನಾಲ್ಕನೇ ದಿನದಿಂದ ಕಿರಿದಾಗತೊಡಗಿ, ಏಳರಿಂದ ಹತ್ತನೇ ದಿನದ ಸುಮಾರಿಗೆ ತುದಿ ಮುಟ್ಟಿ, ಎರಡು ಮೂರು ವಾರಗಳಲ್ಲಿ ತಾವಾಗಿಯೇ ಸಡಿಲಾಗುತ್ತವೆ. ಆಂಜಿಯೋಗ್ರಾಂ ಚಿತ್ರಗಳಲ್ಲಿ ಇದನ್ನು ಮೊದಲು ತೋರಿಸಿಕೊಟ್ಟದ್ದು 1951ರಲ್ಲಿ, ಅಮೆರಿಕದ ಎಕರ್ ಮತ್ತು ರೀಮನ್‌ಶ್ನೈಡರ್. ಉಬ್ಬು ಒಡೆದ ರೋಗಿಗಳಲ್ಲಿ ಸುಮಾರು ಮೂರನೇ ಎರಡು ಭಾಗದವರ ಚಿತ್ರದಲ್ಲಿ ನಾಳ ಬಿಗಿದು ಕಿರಿದಾಗುವ ಈ ಸೆಳೆತ ಕಾಣುತ್ತದೆ. ಮಾತು ನಿಲ್ಲುವುದು, ಕೈ ಬೀಳುವುದು, ಮಂಪರು ಕವಿಯುವುದು ಇವೆಲ್ಲ ಆಗುವುದು ಸುಮಾರು ಮೂರನೇ ಒಂದು ಭಾಗದವರಿಗೆ. ಈ ಎರಡು ಅಂಕಿಗಳ ನಡುವಿನ ಅಂತರವನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಅದು ಮುಂದೆ ಬೇಕಾಗುತ್ತದೆ.

ಈಗ ರಕ್ತನಾಳದ ಒಳಪದರಕ್ಕೆ ಬರೋಣ. ಹುಬ್ಬಳ್ಳಿ-ಧಾರವಾಡದವರಿಗೆ ಪೈಪಿನ ಬಗ್ಗೆ ಯಾರೂ ಪಾಠ ಹೇಳಬೇಕಿಲ್ಲ. ಮಲಪ್ರಭೆಯ ನೀರು ನವಿಲುತೀರ್ಥದಿಂದ ಹೊರಟು ನಮ್ಮ ನಳಕ್ಕೆ ಬರುವಷ್ಟರಲ್ಲಿ ಎಷ್ಟು ದಿನ ಕಾಯಬೇಕೆಂಬುದನ್ನು ಓಣಿಯ ಮಕ್ಕಳೂ ಬಲ್ಲರು. ಹಾಗಾಗಿ ರಕ್ತನಾಳ ಎಂದರೆ ಪೈಪ್, ಒಳಪದರ ಎಂದರೆ ಪೈಪಿನ ಒಳಮೈಗೆ ಬಳಿದ ಲೇಪ ಎಂದು ನಾವು ಸುಲಭವಾಗಿ ನಂಬಿಬಿಡುತ್ತೇವೆ. ವೈದ್ಯವಿಜ್ಞಾನವೂ ಬಹುಕಾಲ ಹಾಗೆಯೇ ನಂಬಿತ್ತು. ಎಂಡೋಥೀಲಿಯಂ ಎಂಬ ಈ ಪದರದ ದಪ್ಪ ಒಂದೇ ಒಂದು ಜೀವಕೋಶದಷ್ಟು. ಅದಕ್ಕೆ ತನ್ನದೇ ಆದ ಕೆಲಸ ಏನಿರಲು ಸಾಧ್ಯ?

ನಮ್ಮ ಊರಿನಲ್ಲಿ ನೀರು ಬರುವುದೂ ಬಾರದಿರುವುದೂ ಪೈಪಿಗಿಂತ ಹೆಚ್ಚಾಗಿ ವಾಲ್ವ್‌ಮನ್ ಕೈಯಲ್ಲಿದೆ. ಎಂಡೋಥೀಲಿಯಂ ಲೇಪವಲ್ಲ, ಅದು ವಾಲ್ವ್‌ಮನ್. ಅದೂ ಎಲ್ಲೋ ಒಂದು ತಿರುವಿನಲ್ಲಿ ಕುಳಿತ ಒಬ್ಬನಲ್ಲ, ಪೈಪಿನ ಉದ್ದಕ್ಕೂ ಭುಜಕ್ಕೆ ಭುಜ ಹಚ್ಚಿ ನಿಂತ ಲಕ್ಷಾಂತರ ಮಂದಿ. ಹರಿಯುವ ರಕ್ತದ ಒರಸಾಟವನ್ನು ಮೈಮೇಲೆ ತಾಳಿಕೊಂಡು, ಅದರ ವೇಗ ನೋಡಿ, ಬೆನ್ನಹಿಂದಿನ ಸ್ನಾಯುವಿಗೆ ಸಡಿಲಾಗು, ಬಿಗಿಯಾಗು ಎಂದು ಗಳಿಗೆಗಳಿಗೆಗೂ ಹೇಳುತ್ತಿರುವವರು.

ಇದು ಗೊತ್ತಾದದ್ದು ಒಂದು ಎಡವಟ್ಟಿನಿಂದ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ರಾಬರ್ಟ್ ಫರ್ಚ್‌ಗಾಟ್ ಎಂಬ ವಿಜ್ಞಾನಿ ಮೊಲದ ಮಹಾಪಧಮನಿಯ ಪಟ್ಟಿಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡುತ್ತಿದ್ದ. ಜೀವಂತ ಪ್ರಾಣಿಯಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ರಕ್ತನಾಳವನ್ನು ಹಿಗ್ಗಿಸುತ್ತದೆ, ಇವನ ಪಟ್ಟಿಗಳನ್ನು ಮಾತ್ರ ಕುಗ್ಗಿಸುತ್ತಿತ್ತು. 1978ರಲ್ಲಿ ಸಹಾಯಕನೊಬ್ಬ ಪ್ರಯೋಗದ ಹಂತಗಳನ್ನು ಹೇಳಿದಂತೆ ಮಾಡಲಿಲ್ಲ. ಅದೇ ಗುಂಪಿನ ಇನ್ನೊಂದು ಔಷಧಿಗೆ ಆ ದಿನ ಪಟ್ಟಿ ಸಡಿಲಾಯಿತು! ಬೇರೆ ಯಾರಾದರೂ ಆಗಿದ್ದರೆ ಸಹಾಯಕನನ್ನು ಬೈದು ಮತ್ತೆ ಮಾಡು ಎನ್ನುತ್ತಿದ್ದರು. ಫರ್ಚ್‌ಗಾಟ್ ಕಾರಣ ಹುಡುಕಿದ. ಪಟ್ಟಿ ಕತ್ತರಿಸುವಾಗ ಅದರ ಒಳಮೈ ಬೆರಳಿಗೋ ಸಲಕರಣೆಗೋ ಉಜ್ಜಿಕೊಂಡು ಒಳಪದರ ಕಿತ್ತುಹೋಗುತ್ತಿತ್ತು. ಒಳಪದರ ಉಳಿದ ಪಟ್ಟಿ ಹಿಗ್ಗುತ್ತಿತ್ತು, ಕಿತ್ತುಹೋದದ್ದು ಕುಗ್ಗುತ್ತಿತ್ತು. ಖಾತ್ರಿಪಡಿಸಿಕೊಳ್ಳಲು ಒಳಪದರವಿಲ್ಲದ ಪಟ್ಟಿಯ ಮೈಗೆ ಒಳಪದರವಿರುವ ಇನ್ನೊಂದು ಪಟ್ಟಿಯನ್ನು ಮುಖಕ್ಕೆ ಮುಖ ಹಚ್ಚಿ ನೋಡಿದ. ಮೊದಲಿನದೂ ಸಡಿಲಾಯಿತು. ಅಂದರೆ ಒಳಪದರದಿಂದ ಏನೋ ಒಂದು ಹೊರಟು ಪಕ್ಕದ ಸ್ನಾಯುವನ್ನು ಮುಟ್ಟುತ್ತಿದೆ. 1980ರಲ್ಲಿ ಇದನ್ನು ಪ್ರಕಟಿಸಿದ. ಆ 'ಏನೋ' ನೈಟ್ರಿಕ್ ಆಕ್ಸೈಡ್ ಎಂಬ ಅನಿಲವೆಂದು 1987ರ ಹೊತ್ತಿಗೆ ಖಚಿತವಾಯಿತು. 1998ರಲ್ಲಿ ಫರ್ಚ್‌ಗಾಟ್, ಇಗ್ನಾರೊ ಮತ್ತು ಮುರಾದ್ ಮೂವರಿಗೂ ನೊಬೆಲ್ ಬಂತು. ಡೈನಮೈಟಿನ ಜನಕ ಆಲ್ಫ್ರೆಡ್ ನೊಬೆಲ್‌ಗೆ ಕೊನೆಗಾಲದಲ್ಲಿ ವೈದ್ಯರು ಎದೆನೋವಿಗೆಂದು ಬರೆದುಕೊಟ್ಟದ್ದು ನೈಟ್ರೋಗ್ಲಿಸರಿನ್. ಅದು ಕೆಲಸ ಮಾಡುವುದು ಇದೇ ಅನಿಲದ ಮೂಲಕ ಎಂಬುದು ಅವನಿಗೆ ತಿಳಿದಿರಲಿಲ್ಲ.

ಅದೇ ಪದರದಿಂದ ಬಿಗಿ ಮಾಡುವ ಆಜ್ಞೆಯೂ ಹೊರಡುತ್ತದೆ. 1988ರಲ್ಲಿ ಜಪಾನಿನ ತ್ಸುಕುಬಾದಲ್ಲಿ ಯಾನಾಗಿಸಾವಾ ಮತ್ತು ಸಂಗಡಿಗರು ಹಂದಿಯ ಮಹಾಪಧಮನಿಯ ಒಳಪದರದ ಕೋಶಗಳಿಂದ 21 ಅಮೈನೋ ಆಮ್ಲಗಳ ಸಣ್ಣ ಸರಪಳಿಯೊಂದನ್ನು ಬೇರ್ಪಡಿಸಿದರು. ಎಂಡೋಥೀಲಿನ್ ಎಂದು ಹೆಸರಿಟ್ಟರು. ರಕ್ತನಾಳವನ್ನು ಕುಗ್ಗಿಸುವುದರಲ್ಲಿ ದೇಹದಲ್ಲಿ ಅದರಷ್ಟು ಬಲವಾದ, ಅದರಷ್ಟು ಹೊತ್ತು ಹಿಡಿದು ಬಿಡದ ವಸ್ತುಗಳು ತೀರ ವಿರಳ. ಒಂದು ಕೈಯಲ್ಲಿ ತೆರೆಯುವ ಕೀಲಿ, ಇನ್ನೊಂದು ಕೈಯಲ್ಲಿ ಮುಚ್ಚುವ ಕೀಲಿ. ಆರೋಗ್ಯವಂತರಲ್ಲಿ ತೆರೆಯುವ ಕೈಯೇ ಮೇಲು.

ಇಷ್ಟು ಗೊತ್ತಿದ್ದರೆ ಕಾಕುವಿನ ಆರು ದಿನಗಳನ್ನು ಒಳಗಿನಿಂದ ನೋಡಬಹುದು. ಮೊದಲೊಂದು ತೊಡಕು ಬಿಡಿಸಬೇಕು. ಹೆಪ್ಪುಗಟ್ಟಿದ ರಕ್ತ ಇರುವುದು ಅಪಧಮನಿಯ ಹೊರಗೆ, ಒಳಪದರ ಇರುವುದು ಒಳಗೆ. ನಡುವೆ ಸ್ನಾಯುವಿನ ಗೋಡೆ. ಹೊರಗಿನ ಕೊಳೆ ಒಳಗಿನವರನ್ನು ಹೇಗೆ ಮುಟ್ಟಿತು?

ಹೆಪ್ಪಿನೊಳಗಿನ ಕೆಂಪು ರಕ್ತಕಣಗಳು ಒಡನೆಯೇ ಸಾಯುವುದಿಲ್ಲ. ಕೆಲವು ದಿನ ತಡೆದು, ಒಂದೊಂದಾಗಿ ಒಡೆಯುತ್ತವೆ. ಒಡೆದಾಗ ಅವುಗಳೊಳಗಿನ ಹಿಮೋಗ್ಲೋಬಿನ್ ಹೊರಬೀಳುತ್ತದೆ. ಮೂರು ದಿನಗಳ ಆ ತಡಕ್ಕೆ ಇರುವ ದೊಡ್ಡ ವಿವರಣೆ ಇದೇ. ಕಣದೊಳಗಿದ್ದಾಗ ಪ್ರಾಣವಾಯು ಹೊತ್ತು ತಿರುಗುವ ಹಿಮೋಗ್ಲೋಬಿನ್, ಕಣದ ಹೊರಗೆ ಬಂದರೆ ನೈಟ್ರಿಕ್ ಆಕ್ಸೈಡನ್ನು ಕಂಡಲ್ಲಿ ನುಂಗುವ ರಾಕ್ಷಸ. ಅದು ಗೋಡೆಯೊಳಕ್ಕೆ ಇಳಿಯುತ್ತದೆ. ಒಳಪದರ ಕಳುಹಿಸಿದ 'ಸಡಿಲಾಗು' ಎಂಬ ಸಂದೇಶ ಸ್ನಾಯುವನ್ನು ತಲುಪುವ ಮೊದಲೇ ದಾರಿಯಲ್ಲಿ ಕಾಣೆಯಾಗುತ್ತದೆ. ಅಷ್ಟಕ್ಕೇ ನಿಲ್ಲುವುದಿಲ್ಲ. ಹಿಮೋಗ್ಲೋಬಿನ್ ತಾನೇ ಆಕ್ಸಿಡೀಕರಣಗೊಳ್ಳುವಾಗ ಸೂಪರ್‌ಆಕ್ಸೈಡ್ ಎಂಬ ಉಗ್ರ ಕಣಗಳನ್ನು ಉಗುಳುತ್ತದೆ. ಅವು ಅಳಿದುಳಿದ ನೈಟ್ರಿಕ್ ಆಕ್ಸೈಡಿನ ಜತೆ ಕೂಡಿ, ಕೋಶದ ಪೊರೆಯನ್ನೂ ಪ್ರೋಟೀನನ್ನೂ ಸುಡುವ ವಸ್ತುವಾಗುತ್ತವೆ. ಸಡಿಲಿಸಬೇಕಾದದ್ದೇ ಸುಡುವ ದ್ರವ್ಯವಾಗುತ್ತದೆ.

ಇನ್ನು ಒಳಪದರದ ಪಾಡು. ಸೂಕ್ಷ್ಮದರ್ಶಕದಲ್ಲಿ ಆರೋಗ್ಯವಂತ ಮಿದುಳಿನ ಅಪಧಮನಿಯ ಒಳಮೈ ಒಪ್ಪವಾಗಿ ಹಾಸಿದ ಚಪ್ಪಡಿಯಂತಿರುತ್ತದೆ. ಕೋಶಗಳೆಲ್ಲ ರಕ್ತ ಹರಿಯುವ ದಿಕ್ಕಿಗೆ ಉದ್ದುದ್ದಕ್ಕೆ ಮಲಗಿರುತ್ತವೆ. ಒಂದರ ಅಂಚು ಇನ್ನೊಂದರ ಅಂಚಿಗೆ ಬಿಗಿಯಾಗಿ ಹೊಲಿದುಕೊಂಡಿರುತ್ತದೆ. ಮಿದುಳಿನ ನಾಳಗಳಲ್ಲಿ ಈ ಹೊಲಿಗೆ ದೇಹದ ಬೇರೆ ಕಡೆಗಿಂತ ಬಿಗಿ, ರಕ್ತದಲ್ಲಿರುವುದೆಲ್ಲ ಮಿದುಳಿಗೆ ನುಗ್ಗದಂತೆ ತಡೆಯುವುದು ಅದೇ. ಕೋಶಗಳ ಮೇಲೆ ಸಕ್ಕರೆ ಮತ್ತು ಪ್ರೋಟೀನಿನ ನವಿರಾದ ಪಾಚಿಯಂಥ ಹೊದಿಕೆ ಇದೆ. ಬಿಳಿಕಣಗಳೂ ಪ್ಲೇಟ್‌ಲೆಟ್‌ಗಳೂ ಅದರ ಮೇಲೆ ಅಂಟದೆ ಜಾರಿಕೊಂಡು ಹೋಗುತ್ತವೆ.

ಸೆಳೆತದಲ್ಲಿ ಮೊದಲು ಗೋಡೆ ಬಿಗಿಯುತ್ತದೆ. ಗೋಡೆ ಬಿಗಿದರೂ ಒಳಪದರದ ಹಾಸು ಅಷ್ಟೇ ಇರುವುದರಿಂದ ಅದು ಮಡಿಕೆ ಬೀಳುತ್ತದೆ. ಬೆಟಗೇರಿಯ ಮಗ್ಗದಿಂದ ಬಂದ ಹೊಸ ಸೀರೆಗೆ ನಿರಿಗೆ ಹಿಡಿದ ಹಾಗೆ, ಕತ್ತರಿಸಿದ ಅಪಧಮನಿಯ ಒಳಸುತ್ತಿನಲ್ಲಿ ಆಳವಾದ ನಿರಿಗೆಗಳು ಕಾಣುತ್ತವೆ. ನಿರಿಗೆಯ ನಡುವೆ ಸಿಕ್ಕ ಕೋಶಗಳು ಊದಿಕೊಳ್ಳುತ್ತವೆ, ಒಳಗೆ ನೀರ್ಗುಳ್ಳೆಗಳು ತುಂಬುತ್ತವೆ. ಅಂಚಿನ ಹೊಲಿಗೆ ಬಿಚ್ಚುತ್ತದೆ. ಕೆಲವು ಕೋಶಗಳು ತಮ್ಮನ್ನು ತಾವೇ ಕೊಂದುಕೊಳ್ಳುತ್ತವೆ, ಕೆಲವು ತಳದ ಹಾಸಿನಿಂದ ಕಿತ್ತು ರಕ್ತದಲ್ಲಿ ತೇಲಿಹೋಗುತ್ತವೆ. ಪಾಚಿಯ ಹೊದಿಕೆ ಸುಲಿಯುತ್ತದೆ. ಅದರ ಬದಲು ಬಿಳಿಕಣಗಳನ್ನು ಹಿಡಿದು ನಿಲ್ಲಿಸುವ ಕೊಕ್ಕೆಯಂಥ ಅಣುಗಳು ಕೋಶಗಳ ಮೇಲೆ ಏಳುತ್ತವೆ. ಬರಿದಾದ ಜಾಗಕ್ಕೆ ಪ್ಲೇಟ್‌ಲೆಟ್‌ಗಳು ಬಂದು ಅಂಟಿ ಪುಟ್ಟ ಗಡ್ಡೆಗಳಾಗುತ್ತವೆ, ಅಲ್ಲಿಂದ ಕಳಚಿ ಮುಂದಿನ ಸಣ್ಣ ನಾಳಗಳಿಗೆ ಸಾಗುತ್ತವೆ.

ಈ ಹೊತ್ತಿನಲ್ಲಿ ವಾಲ್ವ್‌ಮನ್‌ನ ಎರಡು ಕೈಗಳ ತೂಕವೂ ತಿರುಗುಮುರುಗಾಗುತ್ತದೆ. ನಾಳ ಕಿರಿದಾದರೆ ರಕ್ತದ ವೇಗ ಹೆಚ್ಚಬೇಕು, ಒರಸಾಟ ಹೆಚ್ಚಬೇಕು, ಅದಕ್ಕೆ ಉತ್ತರವಾಗಿ ಒಳಪದರ ಇನ್ನಷ್ಟು ನೈಟ್ರಿಕ್ ಆಕ್ಸೈಡ್ ಬಿಟ್ಟು ನಾಳವನ್ನು ತೆರೆಯಬೇಕು. ಸಹಜ ನಿಯಮ ಇದು. ಇಲ್ಲಿ ಅದನ್ನು ತಯಾರಿಸುವ ಕಿಣ್ವವೇ ಹದ ತಪ್ಪಿರುತ್ತದೆ. ಎಂಡೋಥೀಲಿನ್ ಮಾತ್ರ ಧಾರಾಳ.

ಆಮೇಲೆ ಸ್ನಾಯುವೂ ತನ್ನ ಸ್ವಭಾವ ಬಿಡುತ್ತದೆ. ಹಿಗ್ಗಿ ಕುಗ್ಗುವ ಕೆಲಸ ಬಿಟ್ಟು ಕಾಲಜನ್ ಎಂಬ ನಾರನ್ನು ನೇಯತೊಡಗುತ್ತದೆ, ಒಳಪದರದ ಕೆಳಗೆ ತೂರಿ ಗುಂಪುಗೂಡುತ್ತದೆ. ಎರಡನೇ ವಾರದ ಸೆಳೆತ ಕೇವಲ ಸೆಳೆತವಲ್ಲ, ಅರ್ಧ ಗಟ್ಟಿಯಾದ ಗೋಡೆ. ನಾಳ ಹಿಗ್ಗಿಸುವ ಔಷಧಿಯನ್ನು ಕೊಳವೆಯಿಂದ ನೇರವಾಗಿ ಅಲ್ಲಿಗೇ ಸುರಿದರೂ ಕೆಲವು ತಾಸು ಕಳೆದು ಮತ್ತೆ ಬಿಗಿಯುವುದು ಇದೇ ಕಾರಣಕ್ಕೆ. 1984ರಲ್ಲಿ ಲೆನಿನ್‌ಗ್ರಾಡಿನ ಜುಬ್ಕೊವ್ ತಂಡ ಪುಟ್ಟ ಬಲೂನ್ ಊದಿ ಇಂಥ ನಾಳಗಳನ್ನು ಹಿಗ್ಗಿಸಿದ್ದನ್ನು ವರದಿ ಮಾಡಿತು. ಬಲೂನು ಆ ಗಟ್ಟಿ ನಾರನ್ನು ಹರಿದುಹಾಕುವುದರಿಂದ ಅದರ ಪರಿಣಾಮ ಹೆಚ್ಚು ಬಾಳುತ್ತದೆ. ಆದರೆ ತಳದ ದೊಡ್ಡ ನಾಳಗಳಿಗೆ ಮಾತ್ರ ಅದು ಸಾಧ್ಯ, ಮತ್ತು ನಾಳವೇ ಒಡೆಯುವ ಭಯ ಇದ್ದೇ ಇದೆ.

ಕಿರಿದಾಗುವುದರ ಲೆಕ್ಕವೂ ಕ್ರೂರ. ಕೊಳವೆಯ ಒಳ ವ್ಯಾಸ ಅರ್ಧಕ್ಕಿಳಿದರೆ, ಒತ್ತಡ ಅಷ್ಟೇ ಇದ್ದಾಗ, ಹರಿವು ಅರ್ಧವಾಗುವುದಿಲ್ಲ, ಹದಿನಾರರಲ್ಲಿ ಒಂದು ಪಾಲಾಗುತ್ತದೆ. ಮಿದುಳಿನ ಮುಂದಿನ ಸಣ್ಣ ನಾಳಗಳು ಹಿಗ್ಗಿ ಈ ಕೊರತೆಯನ್ನು ಸಾಕಷ್ಟು ತುಂಬಿಕೊಡುತ್ತವೆ. ಅವುಗಳ ಒಳಪದರವೂ ಕೆಟ್ಟಿದ್ದರೆ ತುಂಬಿಕೊಡುವವರಿಲ್ಲ.

ಇಲ್ಲಿಂದ ಕಥೆ ಬೇರೆ ದಿಕ್ಕಿಗೆ ಹೊರಳುತ್ತದೆ, ನನಗೆ ಅತ್ಯಂತ ಕುತೂಹಲದ ಭಾಗವೂ ಇದೇ. ಎಂಡೋಥೀಲಿನ್ ಖಳನಾಯಕನಾದರೆ ಅದನ್ನು ತಡೆದರೆ ಮುಗಿಯಿತಲ್ಲವೇ? ಹಾಗೆಂದುಕೊಂಡೇ ಕ್ಲಾಜೋಸೆಂಟಾನ್ ಎಂಬ ಔಷಧಿ ಬಂತು. 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದರ ಫಲ ಕಣ್ಣು ಕುಕ್ಕುವಂತಿತ್ತು. ಔಷಧಿ ಸಿಗದವರಲ್ಲಿ ನೂರಕ್ಕೆ 66 ಮಂದಿಗೆ ಮಧ್ಯಮ ಅಥವಾ ತೀವ್ರ ಸೆಳೆತ ಕಂಡರೆ, ಅತಿ ಹೆಚ್ಚಿನ ಪ್ರಮಾಣ ಪಡೆದವರಲ್ಲಿ 23 ಮಂದಿಗೆ ಮಾತ್ರ. ನಾಳಗಳು ತೆರೆದೇ ಇದ್ದವು. ಆದರೆ 2011ರ ದೊಡ್ಡ ಪ್ರಯೋಗದಲ್ಲಿ ರೋಗಿಗಳು ಎದ್ದು ಓಡಾಡುವ, ತಮ್ಮ ಕೆಲಸ ತಾವು ಮಾಡಿಕೊಳ್ಳುವ ಮಟ್ಟಿಗೆ ಚೇತರಿಸಿಕೊಂಡರೇ ಎಂದು ನೋಡಿದಾಗ ವ್ಯತ್ಯಾಸ ಕಾಣಲಿಲ್ಲ. ಜಪಾನ್ 2022ರಲ್ಲಿ ಈ ಔಷಧಿಗೆ ಅನುಮತಿ ಕೊಟ್ಟಿತು, 2023ರಲ್ಲಿ ಮುಗಿದ ಇನ್ನೊಂದು ಅಂತರರಾಷ್ಟ್ರೀಯ ಪ್ರಯೋಗ ಗುರಿ ಮುಟ್ಟಲಿಲ್ಲ. ಸ್ಟ್ಯಾಟಿನ್, ಮೆಗ್ನೀಸಿಯಂ ಮುಂತಾದವೂ ಪ್ರಾಣಿಗಳಲ್ಲಿ ಆಸೆ ಹುಟ್ಟಿಸಿ, ದೊಡ್ಡ ಪ್ರಯೋಗಗಳಲ್ಲಿ ಕೈಕೊಟ್ಟವು.

ಇದರ ತದ್ವಿರುದ್ಧ ಉದಾಹರಣೆ ನಿಮೊಡಿಪಿನ್. 1989ರಲ್ಲಿ ಬ್ರಿಟನ್ನಿನಲ್ಲಿ 554 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಮಿದುಳಿನ ಭಾಗ ಸಾಯುವ ಪ್ರಮಾಣ ನೂರಕ್ಕೆ 33ರಿಂದ 22ಕ್ಕೆ ಇಳಿಯಿತು. ಇಂದಿಗೂ ಜಗತ್ತಿನ ಬಹುತೇಕ ಕಡೆ ಈ ರೋಗಿಗಳಿಗೆ ಕೊಡುವ ಮಾತ್ರೆ ಅದೇ. ತಮಾಷೆ ಎಂದರೆ ಆಂಜಿಯೋಗ್ರಾಂನಲ್ಲಿ ನೋಡಿದರೆ ಅದು ನಾಳಗಳನ್ನು ಅಷ್ಟೇನೂ ಹಿಗ್ಗಿಸುವುದಿಲ್ಲ.

ಒಂದು ಔಷಧಿ ನಾಳ ತೆರೆಯಿತು, ರೋಗಿ ಗುಣವಾಗಲಿಲ್ಲ. ಇನ್ನೊಂದು ಔಷಧಿ ನಾಳ ತೆರೆಯಲಿಲ್ಲ, ರೋಗಿಗೆ ಗುಣವಾಯಿತು. ಮೂರನೇ ಎರಡು ಭಾಗದವರಿಗೆ ಸೆಳೆತ, ಮೂರನೇ ಒಂದು ಭಾಗದವರಿಗೆ ಮಾತ್ರ ಲಕ್ಷಣ ಎಂದು ಮೇಲೆ ಹೇಳಿದ್ದೆನಲ್ಲ, ಅದನ್ನೂ ಇದರ ಪಕ್ಕಕ್ಕಿಟ್ಟು ನೋಡಿ. ಚಿತ್ರದಲ್ಲಿ ಕಾಣುವ ಕಿರಿದಾದ ದೊಡ್ಡ ನಾಳವೇ ಕಾಯಿಲೆಯಲ್ಲ. ಚಿತ್ರದಲ್ಲಿ ಕಾಣದ ಸಣ್ಣ ನಾಳಗಳ ಒಳಪದರ, ಅಲ್ಲಿ ಸಿಕ್ಕಿಕೊಂಡ ಪುಟ್ಟ ಗಡ್ಡೆಗಳು, ಬಿಚ್ಚಿದ ಹೊಲಿಗೆಯಿಂದ ಮಿದುಳಿಗೆ ಸೋರಿದ ದ್ರವ, ಮಿದುಳಿನ ಹೊರಪದರದ ನರಕೋಶಗಳ ಮೇಲೆ ಅಲೆಅಲೆಯಾಗಿ ಹಬ್ಬುವ ವಿದ್ಯುತ್ ಮೌನ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. 2010ರಲ್ಲಿ ತಜ್ಞರು ಒಟ್ಟಾಗಿ ನಾಳದ ಸೆಳೆತವನ್ನೂ ತಡವಾಗಿ ಬರುವ ರಕ್ತಕೊರತೆಯನ್ನೂ ಎರಡು ಬೇರೆ ಸಂಗತಿಗಳೆಂದು ಎಣಿಸಬೇಕೆಂದರು. ನನಗೆ ಅನ್ನಿಸುವಂತೆ ದಶಕಗಟ್ಟಲೆ ಪೈಪನ್ನೇ ನೋಡುತ್ತ ಕುಳಿತದ್ದಕ್ಕೆ ತೆತ್ತ ಬೆಲೆ ಇದು.

ಹಾಗಾದರೆ ಬುಡಕ್ಕೇ ಕೈ ಹಾಕೋಣ, ಆ ಹೆಪ್ಪನ್ನೇ ಬೇಗ ಹೊರಹಾಕೋಣ ಎಂಬ ಯೋಚನೆಗೆ ಈಗ ಬಲ ಬಂದಿದೆ. ಸೊಂಟದ ಬಳಿ ಬೆನ್ನುಹುರಿಯ ದ್ರವಕ್ಕೆ ಸಣ್ಣ ಕೊಳವೆ ಇಟ್ಟು, ರಕ್ತ ಬೆರೆತ ದ್ರವವನ್ನು ಕೆಲವು ದಿನ ನಿಧಾನವಾಗಿ ಇಳಿಸುವುದು. 287 ರೋಗಿಗಳ ಇಂಥ ಪ್ರಯೋಗದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ ಕೆಟ್ಟ ಸ್ಥಿತಿಯಲ್ಲಿ ಉಳಿದವರು ಕೊಳವೆ ಇಡದವರಲ್ಲಿ ನೂರಕ್ಕೆ ಸುಮಾರು 45, ಇಟ್ಟವರಲ್ಲಿ ಸುಮಾರು 33. ಹೊಳೆಯುವ ಹೊಸ ಅಣುವೇನಲ್ಲ, ಒಂದು ಕೊಳವೆ ಮತ್ತು ಒಂದು ಚೀಲ. ಬಿಡುಗಡೆಯಾದ ಹಿಮೋಗ್ಲೋಬಿನ್ನನ್ನು ಹಿಡಿದು ಕಟ್ಟಿಹಾಕುವ ಹ್ಯಾಪ್ಟೋಗ್ಲೋಬಿನ್ ಎಂಬ ಪ್ರೋಟೀನು ನಮ್ಮ ರಕ್ತದಲ್ಲಿ ಸಹಜವಾಗಿಯೇ ಇದೆ, ಮಿದುಳಿನ ದ್ರವದಲ್ಲಿ ತೀರ ಕಡಿಮೆ. ಅದನ್ನು ಅಲ್ಲಿಗೇ ಸೇರಿಸಿದರೆ ಹೇಗೆಂದು ಸಂಶೋಧಕರು ನೋಡುತ್ತಿದ್ದಾರೆ.

ನಮ್ಮ ಊರುಗಳಿಗೆ ಬಂದರೆ ಪ್ರಶ್ನೆ ಇಷ್ಟು ಸೂಕ್ಷ್ಮವಾಗಿ ಉಳಿಯುವುದಿಲ್ಲ. 1957ರಲ್ಲಿ ಆರಂಭವಾದ, ಜನರ ಬಾಯಲ್ಲಿ ಈಗಲೂ ಕಿಮ್ಸ್ ಆಗಿರುವ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು, ಧಾರವಾಡದ ಡಿಮ್ಹಾನ್ಸ್, ಸತ್ತೂರಿನ ಎಸ್‌ಡಿಎಂ ಇವೆ. ಗದಗ ಮತ್ತು ಹಾವೇರಿಗೂ ಈಗ ವೈದ್ಯಕೀಯ ಕಾಲೇಜುಗಳು ಬಂದಿವೆ. ಆದರೂ ಮಿದುಳಿನ ನಾಳ ಒಡೆದವರು ಕೊನೆಗೆ ಬರುವುದು ಹೆಚ್ಚಾಗಿ ಹುಬ್ಬಳ್ಳಿ-ಧಾರವಾಡಕ್ಕೇ. ಗದಗಿನಿಂದ ಸುಮಾರು 60 ಕಿಲೋಮೀಟರ್, ಹಾವೇರಿಯಿಂದ ಸುಮಾರು 75. ಬರುವ ದಾರಿಯ ಬಗ್ಗೆ, ಆಂಬುಲೆನ್ಸಿನ ಬಗ್ಗೆ, ಶಸ್ತ್ರಚಿಕಿತ್ಸೆಯ ಖರ್ಚಿನ ಬಗ್ಗೆ ನಾವು ಬೇಕಾದಷ್ಟು ಮಾತನಾಡುತ್ತೇವೆ. ಆಪರೇಷನ್ ನಂತರದ ಎರಡು ವಾರಗಳ ಬಗ್ಗೆ ಯಾರೂ ಮಾತನಾಡುವುದಿಲ್ಲ. ಒಳಪದರ ಕೆಡುವುದು ಆಗ.

ನಾಲ್ಕನೇ ದಿನ ರೋಗಿ ಎದ್ದು ಕುಳಿತಾಗ ಮನೆಯವರಿಗೆ ಲೆಕ್ಕ ಶುರುವಾಗುತ್ತದೆ. ಐಸಿಯುವಿನ ಬಾಡಿಗೆ ದಿನದಿನವೂ ಏರುತ್ತದೆ, ಹೊಲದಲ್ಲಿ ಮೆಣಸಿನಕಾಯಿ ಬಿಡಿಸಲು ಬಂದಿದೆ, ಇವರು ಹೇಗೂ ಚೆನ್ನಾಗಿದ್ದಾರೆ. ಮನೆಗೆ ಕಳುಹಿಸಿ ಎಂದು ಪಟ್ಟು ಹಿಡಿಯುತ್ತಾರೆ. ರೋಗಿ ಅತ್ಯಂತ ಚೆನ್ನಾಗಿ ಕಾಣುವ ದಿನವೂ ಅಪಾಯ ಬಾಗಿಲಿಗೆ ಬಂದ ದಿನವೂ ಒಂದೇ ಆಗಿರುವ ಕಾಯಿಲೆಯಲ್ಲಿ ಇದಕ್ಕಿಂತ ಕೆಟ್ಟ ಮುಹೂರ್ತವಿಲ್ಲ. ಒಡೆದ ದಿನದಿಂದ ಎಣಿಸಿ ಕನಿಷ್ಠ ಹದಿನಾಲ್ಕು ದಿನ ಕಣ್ಗಾವಲು ಬೇಕೆಂಬುದನ್ನು ಮೊದಲ ದಿನವೇ, ಶಸ್ತ್ರಚಿಕಿತ್ಸೆಯ ಒಪ್ಪಿಗೆಗೆ ಸಹಿ ಹಾಕಿಸಿಕೊಳ್ಳುವಾಗಲೇ ಹೇಳಿದರೆ ಅರ್ಧ ಜಗಳ ತಪ್ಪುತ್ತದೆ.

ಮಾತ್ರೆಯ ಲೆಕ್ಕ ನೋಡಿ. ನಿಮೊಡಿಪಿನ್ 60 ಮಿಲಿಗ್ರಾಂ, ನಾಲ್ಕು ತಾಸಿಗೊಮ್ಮೆ, 21 ದಿನ. 30 ಮಿಲಿಗ್ರಾಂ ಮಾತ್ರೆಯಾದರೆ ದಿನಕ್ಕೆ 12, ಒಟ್ಟು 252. ರಾತ್ರಿ ಎರಡಕ್ಕೂ ಒಂದು ಸರದಿ, ಬೆಳಗಿನ ಆರಕ್ಕೂ ಒಂದು. ಹದಿನೈದನೇ ದಿನ ಮನೆಗೆ ಬಂದವರು ನಿದ್ದೆಗೆಟ್ಟು ಇದನ್ನು ನಡೆಸುತ್ತಾರೆಯೇ? 'ಮಲಗಿದ್ದರು, ಎಬ್ಬಿಸಲಿಲ್ಲ' ಎಂಬ ಮಾತನ್ನು ಕೇಳಿದ್ದೇನೆ. ಬಿ.ಪಿ. ತೀರ ಇಳಿದರೆ ಪ್ರಮಾಣ ಬದಲಿಸಬೇಕಾಗುತ್ತದೆ, ಅದನ್ನು ಹೇಳಬೇಕಾದವರು ವೈದ್ಯರು, ಮನೆಯ ಹಿರಿಯರಲ್ಲ.

ಬಿ.ಪಿ. ಎಂದೊಡನೆ ಇನ್ನೊಂದು ಗಲಿಬಿಲಿ. ಕಾಕುವಿನ ಮಾತು ನಿಂತ ದಿನ ವೈದ್ಯರು ಮಾಡಿದ ಮೊದಲ ಕೆಲಸ ಔಷಧಿ ಹನಿಸಿ ರಕ್ತದೊತ್ತಡ ಏರಿಸಿದ್ದು. ಮಗ ಹೌಹಾರಿದ. ಬಿ.ಪಿ.ಯಿಂದಲೇ ನರ ಒಡೆಯಿತೆಂದಿರಿ, ಈಗ ನೀವೇ ಏರಿಸುತ್ತೀರಾ? ಉಬ್ಬನ್ನು ಮುಚ್ಚಿಯಾದ ಮೇಲೆ ಲೆಕ್ಕ ಬದಲಾಗುತ್ತದೆ ಎಂದು ಸಿಸ್ಟರ್ ಒಬ್ಬರು ಕುಳಿತು ವಿವರಿಸಿದರು. ವಾಲ್ವ್ ಅರ್ಧ ಮುಚ್ಚಿದಾಗ ಮೇಲಿನ ಟ್ಯಾಂಕಿನ ಒತ್ತಡ ಹೆಚ್ಚಿಸಿದರೆ ಕೊನೆಯ ಮನೆಗೂ ಒಂದಿಷ್ಟು ನೀರು ಸಿಗುತ್ತದೆ. ವಾಲ್ವ್‌ಮನ್ ಹೋಲಿಕೆ ನನಗೆ ಹೊಳೆದದ್ದು ಅವರ ಆ ಮಾತಿನಿಂದಲೇ. ಉಪ್ಪಿನದೂ ಹಾಗೆಯೇ. ಬಿ.ಪಿ. ಇದ್ದವರಿಗೆ ಉಪ್ಪು ಬೇಡವೆಂದು ಸಪ್ಪೆ ಗಂಜಿ ತಂದುಕೊಡುತ್ತಾರೆ. ಈ ರೋಗಿಗಳಲ್ಲಿ ರಕ್ತದ ಸೋಡಿಯಂ ತಾನಾಗಿಯೇ ಕುಸಿಯುವುದು ಸಾಮಾನ್ಯ. ನೀರನ್ನೂ ಉಪ್ಪನ್ನೂ ಆ ದಿನಗಳಲ್ಲಿ ವಾರ್ಡಿನ ಪಟ್ಟಿಯಂತೆ ಕೊಡಬೇಕು, ಮನೆಯ ರೂಢಿಯಂತಲ್ಲ.

ಕಣ್ಗಾವಲಿಗೆ ದುಬಾರಿ ಯಂತ್ರವೇ ಬೇಕೆಂದಿಲ್ಲ. ತಲೆಬುರುಡೆಯ ಮೇಲಿಂದಲೇ ರಕ್ತದ ವೇಗ ಅಳೆಯುವ ಡಾಪ್ಲರ್ ವಿಧಾನವನ್ನು 1982ರಲ್ಲೇ ಆಸ್ಲಿಡ್ ಎಂಬ ಸಂಶೋಧಕ ತೋರಿಸಿಕೊಟ್ಟ. ಮಿದುಳಿನ ನಡು ಅಪಧಮನಿಯಲ್ಲಿ ಸರಾಸರಿ ವೇಗ ಸೆಕೆಂಡಿಗೆ 120 ಸೆಂಟಿಮೀಟರ್ ದಾಟಿದರೆ ಅನುಮಾನ, 200 ದಾಟಿದರೆ ಗಂಭೀರ. ಹಾಸಿಗೆಯ ಪಕ್ಕದಲ್ಲೇ, ದಿನವೂ ಮಾಡಬಹುದು. ಅದಕ್ಕೂ ಮೊದಲು ನರ್ಸ್ ಗಂಟೆಗೊಮ್ಮೆ ಹೆಸರು ಕೇಳುವುದು, ಎರಡೂ ಕೈ ಎತ್ತಿಸುವುದು. ಮನೆಯವರನ್ನೂ ಇದರಲ್ಲಿ ಸೇರಿಸಿಕೊಳ್ಳಬಹುದು ಎಂಬುದು ನನ್ನ ಬಲವಾದ ಅಭಿಪ್ರಾಯ. ಐದನೇ ದಿನ ಸಂಜೆ ಕಾಕು ಎಮ್ಮೆಯ ಹೆಸರು ಮರೆತದ್ದನ್ನು ಗಮನಿಸಿದವಳು ಸೊಸೆ. ನಿದ್ದೆಗೆಟ್ಟದ್ದಕ್ಕೆ ಹಾಗಾಗಿರಬಹುದೆಂದು ಸುಮ್ಮನಾದಳು, ಏಕೆಂದರೆ ಇಂಥದ್ದನ್ನು ಹೇಳಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಕಾಕುವಿನ ನಾಳಗಳು ಮೂರನೇ ವಾರಕ್ಕೆ ಸಡಿಲಾದವು. ಒಳಪದರ ಮತ್ತೆ ಬೆಳೆಯುತ್ತದೆಯೇ ಎಂದು ಮಗ ಕೇಳಿದ್ದ. ಬೆಳೆಯುತ್ತದೆ. ಉಳಿದ ಕೋಶಗಳು ಹಬ್ಬಿ ಬರಿದಾದ ಜಾಗವನ್ನು ಮುಚ್ಚಿಕೊಳ್ಳುತ್ತವೆ, ಕಿತ್ತ ಹಾಸು ಮತ್ತೆ ಕೂಡುತ್ತದೆ. ಆ ನಡುವೆ ರಕ್ತ ಸಿಗದೆ ಸತ್ತ ಮಿದುಳಿನ ಭಾಗ ಮಾತ್ರ ಮರಳಿ ಬರುವುದಿಲ್ಲ. ಕೈ ಬಹುಮಟ್ಟಿಗೆ ಸುಧಾರಿಸಿದೆ, ರೊಟ್ಟಿ ಬಡಿಯುತ್ತಾರೆ. ಮಾತು ಬಂದಿದೆ, ಹೆಸರುಗಳು ಅದಲುಬದಲಾಗಿವೆ. ಬಾಯಾರಿದಾಗ ಚಹಾ ಕೊಡು ಎನ್ನುತ್ತಾರೆ. ಮಗ ನೀರು ತಂದುಕೊಡುತ್ತಾನೆ.